ಹಾಜಿಯವರು ನಿದ್ದೆ ಹೋಗದಂತೆ ಹೇಳಿದ ರಷ್ಯನ್ ಕಾದಂಬರಿ

ಮಸ್ಕತ್‌ನ ಘಾಲಾದಿಂದ ಮರುಭೂಮಿ ದಾಟಿ ದುಕ್ಮ್‌ಗೆ ಹೋಗುವ ಗಾಡಿಗಳಲ್ಲಿ ಡ್ರೈವರನ ಪಕ್ಕದ ಸೀಟಿನವನಿಗೂ ಒಂದು ಕೆಲಸ ಇರುತ್ತದೆ. ಅಲ್ಲಿ ಕೂತವನು ಮಾತಾಡುತ್ತಿರಬೇಕು. ಸಿನಾವ್ ಪೇಟೆ ದಾಟಿದ ಮೇಲೆ ರಸ್ತೆಗೆ ತಿರುವು ಎಂಬುದಿಲ್ಲ. ಎರಡೂ ಕಡೆ ಒಂದೇ ಬಣ್ಣದ ಜಲ್ಲಿ ನೆಲ, ಎದುರಿಗೆ ನೀರಿನ ಹಾಗೆ ಹೊಳೆಯುವ ಬಿಸಿಲು. ಕಣ್ಣು ತೆರೆದೇ ಇರುತ್ತದೆ, ಒಳಗೆ ತಲೆ ಮಲಗಿಬಿಟ್ಟಿರುತ್ತದೆ. ಆ ಹೊತ್ತಿಗೆ ಒಂದು ಒಂಟೆ ಅಡ್ಡ ಬಂದರೆ ಮುಗಿಯಿತು. ಆದ್ದರಿಂದ ಪಕ್ಕದಲ್ಲಿ ಕೂತವನು ತೂಕಡಿಸುವುದು ಇಲ್ಲಿ ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಕೆಲವರು ಊರಿನ ರಾಜಕೀಯ ತೆಗೆಯುತ್ತಾರೆ, ಕೆಲವರು ಕಂಪೆನಿಯನ್ನು ಬೈಯುತ್ತಾರೆ. ನಾನು ಹಾಜಿಯವರಿಗೆ ರಷ್ಯದ ಒಂದು ದಪ್ಪ ಕಾದಂಬರಿ ಹೇಳಿದೆ.

ಹಾಜಿಯವರು ಉಳ್ಳಾಲದ ಕಡೆಯ ಬ್ಯಾರಿ. ಘಾಲಾದ ಗ್ಯಾರೇಜುಗಳ ಸಾಲಿನಲ್ಲಿ ಅವರ ಅಂಗಡಿ. ಸೇಫ್ಟಿ ಶೂ, ಹೆಲ್ಮೆಟ್, ಕೈಗವಸು, ಹಗ್ಗ, ಸ್ಪ್ಯಾನರ್ ಮಾರುತ್ತಾರೆ. ಭಾನುವಾರ ಬೆಳಗಿನ ನಮಾಜು ಮುಗಿಸಿ, ಪಿಕಪ್ ತುಂಬಿಸಿಕೊಂಡು ದುಕ್ಮ್‌ನ ಕ್ಯಾಂಪುಗಳಿಗೆ ಸಾಮಾನು ಕೊಡಲು ಹೊರಡುತ್ತಾರೆ. ನಾನು ಅಲ್ಲಿನ ಒಂದು ಕಟ್ಟಡ ಕಂಪೆನಿಯ ಸೈಟ್ ಆಫೀಸಿನಲ್ಲಿ ನಕ್ಷೆಗಳನ್ನು ನೋಡಿಕೊಳ್ಳುವವನು. ಯಾವ ನಕ್ಷೆ ಹಳತು, ಯಾವುದು ಹೊಸತು, ಹಳತನ್ನು ಯಾರು ಇನ್ನೂ ಇಟ್ಟುಕೊಂಡು ಗೋಡೆ ಕಟ್ಟುತ್ತಿದ್ದಾರೆ ಎಂದು ಹುಡುಕುವುದು ನನ್ನ ಉದ್ಯೋಗ. ಅದಕ್ಕೂ ಮೊದಲು ಪುತ್ತೂರಿನ ಕಡೆ ಕಾಲೇಜಿನಲ್ಲಿ ಕೆಲವು ವರ್ಷ ಇತಿಹಾಸ ಪಾಠ ಮಾಡಿದ್ದೆ. ಹಾಗಾಗಿ ಹಾಜಿಯವರಿಗೆ ನಾನು ಮಾಷ್ಟ್ರು. ಹೆಂಡತಿ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಳೆ, ಆದ್ದರಿಂದ ವಾರದ ಕೊನೆಗೆ ಮಸ್ಕತ್, ವಾರವಿಡೀ ದುಕ್ಮ್. ಬರುವಾಗ ಕಂಪೆನಿ ಬಸ್ಸು, ಹೋಗುವಾಗ ಹಾಜಿಯವರ ಪಿಕಪ್ಪು.

ಸ್ಟೇರಿಂಗ್ ಹಿಡಿದು ಅವರಿಗೆ ನೆರವಾಗಲು ನನಗೆ ಇಲ್ಲಿ ಲೈಸೆನ್ಸ್ ಇಲ್ಲ. ಡ್ರಮ್ಮುಗಳ ನಡುವೆ ರಿವರ್ಸ್ ತೆಗೆಯುವ ಪರೀಕ್ಷೆ ಪಾಸಾದೆ, ಏರಿನಲ್ಲಿ ಗಾಡಿ ನಿಲ್ಲಿಸಿ ಹೊರಡಿಸುವುದೂ ಆಯಿತು. ರಸ್ತೆ ಪರೀಕ್ಷೆಯಲ್ಲಿ ಮಾತ್ರ ಪ್ರತಿ ಸಲ ಫೇಲು. ಪೊಲೀಸರು ಎಡಕ್ಕೆ ತಿರುಗಿಸು ಎಂದರೆ ನಾನು ಯಾಕೆ ಎಂದು ಕೇಳುತ್ತೇನೆ, ಅದಕ್ಕೇ ಫೇಲು ಎಂಬುದು ಹೆಂಡತಿಯ ವಿವರಣೆ. ಹಾಗೆ ಕೇಳಿದ ನೆನಪು ನನಗಿಲ್ಲ. ಕೇಳಿರಲಾರೆ ಎನ್ನುವ ಧೈರ್ಯವೂ ಇಲ್ಲ.

ಕಾದಂಬರಿ ಶುರುವಾದದ್ದು ಹೇಗೆ ಎಂಬುದರಲ್ಲಿಯೇ ನಮ್ಮಿಬ್ಬರಿಗೆ ಒಮ್ಮತವಿಲ್ಲ. ರೇಡಿಯೊದಲ್ಲಿ ಯಾವುದೋ ಯುದ್ಧದ ಸುದ್ದಿ ಬಂತು, ಅದರ ಮೇಲೆ ಮಾತು ಬೆಳೆಯಿತು ಎಂದು ನನ್ನ ನೆನಪು. ನೀವು ಓದಿದ ಪೈಕಿ ಎಲ್ಲಕ್ಕಿಂತ ದಪ್ಪ ಪುಸ್ತಕ ಯಾವುದು ಎಂದು ತಾವೇ ಕೇಳಿದ್ದು ಎಂದು ಹಾಜಿಯವರು. ದಪ್ಪದ ವಿಷಯ ಅವರು ಯಾಕೆ ಕೇಳಿದರೆಂದರೆ ದಾರಿ ಉದ್ದ, ಸಣ್ಣ ಪುಸ್ತಕ ಸಾಲದು. ಯೋಚಿಸಿದರೆ ಅವರದ್ದೇ ಸರಿ ಇರಬಹುದು.

ಮೊದಲ ದಿನವೇ ಅವರು ಒಂದು ನಿಯಮ ಮಾಡಿದರು. "ಹೆಸರು ಹೇಳ್ಬೇಡಿ ಮಾಷ್ಟ್ರೇ. ಒಂದೊಂದು ಹೆಸರೂ ಗೂಡ್ಸ್ ರೈಲಿನಷ್ಟು ಉದ್ದ ಉಂಟು. ಎಂಜಿನ್ ಕಂಡ್ರೆ ಬಾಲ ಕಾಣುವುದಿಲ್ಲ."

ಹಾಗೆ ಆ ಮಹಾ ಕಾದಂಬರಿ ನಮ್ಮ ಗಾಡಿಯಲ್ಲಿ ಹೆಸರಿಲ್ಲದೆ ಸಾಗಿತು. ಕನ್ನಡಕದ ದಪ್ಪ ಮನುಷ್ಯ, ಮೋರೆ ಗಂಟಿಕ್ಕಿದ ರಾಜಕುಮಾರ, ಕುಣಿಯುವ ಹುಡುಗಿ, ಫ್ರಾನ್ಸಿನ ಚಕ್ರವರ್ತಿ. ಬರೆದವನು ಬರೀ ಮುದುಕ. ಬರೆಯುವಾಗ ಅವನಿಗೆ ವಯಸ್ಸಾಗಿರಲಿಲ್ಲ ಎಂದು ನಾನು ತಿದ್ದಿದೆ. ಫೋನಿನಲ್ಲಿ ಅವನ ಚಿತ್ರ ತೋರಿಸಿದ್ದೆನಲ್ಲ, ಆ ಗಡ್ಡ ನೋಡಿದ ಮೇಲೆ ಅವನು ಎಂದಾದರೂ ಹುಡುಗನಾಗಿದ್ದ ಎಂದು ನಂಬಲು ಹಾಜಿಯವರು ಸಿದ್ಧರಿರಲಿಲ್ಲ.

ಕಥೆ ರಸ್ತೆಯ ಆಕಾರಕ್ಕೆ ಬಂತು. ಬಿದ್‌ಬಿದ್‌ನ ಗುಡ್ಡಗಳಲ್ಲಿ ತಿರುವು ಜಾಸ್ತಿ, ಹಾಜಿಯವರಿಗೆ ನಿದ್ದೆ ಬರುವುದಿಲ್ಲ. ಅಲ್ಲಿ ನಾನು ಔತಣಕೂಟ, ಕುಣಿತ, ಸಾಯುವವನ ಹಾಸಿಗೆ ಸುತ್ತ ಆಸ್ತಿಗಾಗಿ ನೆರೆದ ನೆಂಟರು, ಇಂಥವನ್ನು ಮುಗಿಸಿಕೊಳ್ಳುತ್ತಿದ್ದೆ. ಸಿನಾವ್‌ನಲ್ಲಿ ಮಲಯಾಳಿಯ ಹೋಟೆಲಿನಲ್ಲಿ ಪರೋಟ, ಕರಕ್ ಚಾಯ್. ಅಲ್ಲಿಂದ ಮಾಹೂತ್‌ವರೆಗೆ ಯುದ್ಧ. ಹಾಜಿಯವರ ರೆಪ್ಪೆ ಭಾರವಾದಂತೆ ಕಂಡರೆ ನಾನು ಒಂದು ಫಿರಂಗಿ ಹಾರಿಸುತ್ತಿದ್ದೆ. ಅವರು ಎರಡು ಸಲ ಆಕಳಿಸಿದರೆ ಕುದುರೆ ಬೀಳುತ್ತಿತ್ತು. ರಷ್ಯನ್ನರು ಸೋತ ಮೊದಲನೆಯ ದೊಡ್ಡ ಕಾಳಗ ನಮ್ಮ ಲೆಕ್ಕದಲ್ಲಿ ಬಹಳ ರಕ್ತಮಯವಾಗಿತ್ತು. ಹಿಂದಿನ ರಾತ್ರಿ ಅಂಗಡಿಯಲ್ಲಿ ಮಾಲು ಇಳಿಸಿ ಹಾಜಿಯವರಿಗೆ ನಿದ್ದೆ ಬಾಕಿ ಇತ್ತು.

ಮಂಜಿನಲ್ಲಿ ಸೈನ್ಯ ಹಿಂದೆ ಸರಿಯುವ ಭಾಗ ಜುಲೈಯಲ್ಲಿ ಬಂತು. ಕಿಟಕಿಯ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು.

"ಮಂಜು ಅಂದ್ರೆ ನಮ್ಮ ಧಕ್ಕೆಯಲ್ಲಿ ಮೀನಿನ ಮೇಲೆ ಹಾಕ್ತಾರಲ್ಲ, ಹಾಗೆಯಾ?" ಎಂದು ಕೇಳಿದರು. ಧಕ್ಕೆ ಎಂದರೆ ಮಂಗಳೂರಿನ ಮೀನಿನ ಬಂದರು.

"ಸುಮಾರು ಹಾಗೆಯೇ. ಆದರೆ ಊರಿಡೀ."

"ಊರಿಡೀ ಐಸು, ಮೀನು ಮಾತ್ರ ಇಲ್ಲ. ಎಂತ ಅವಸ್ಥೆ ಮಾರಾಯ್ರೇ." ಅವರು ಎಸಿಯನ್ನು ಸ್ವಲ್ಪ ಕಡಿಮೆ ಮಾಡಿದರು.

ಅವರಿಗೆ ಎಲ್ಲರಿಗಿಂತ ಹಿಡಿಸಿದವನು ರಷ್ಯದ ಮುದಿ ಸೇನಾಪತಿ. ಒಂದು ಕಣ್ಣಿಲ್ಲದವನು, ದಡೂತಿ, ಯುದ್ಧದ ಹಿಂದಿನ ದಿನ ಉಳಿದ ಅಧಿಕಾರಿಗಳು ನಕ್ಷೆ ಹರಡಿಕೊಂಡು ವಾದಿಸುವಾಗ ಕುರ್ಚಿಯಲ್ಲಿಯೇ ನಿದ್ದೆ ಮಾಡಿದವನು. ಕೊನೆಗೆ ಚಕ್ರವರ್ತಿಯನ್ನು ದೇಶ ಬಿಟ್ಟು ಓಡಿಸಿದವನೂ ಅವನೇ. "ನೋಡಿ ಮಾಷ್ಟ್ರೇ, ನಿದ್ದೆ ಮಾಡಿದವನೇ ಗೆದ್ದದ್ದು. ನೀವು ನನ್ನನ್ನು ಎಬ್ಬಿಸ್ಲಿಕ್ಕೆ ಇದೇ ಕಥೆ ಹುಡುಕಿದ್ರಲ್ಲ," ಎಂದರು.

ಇತಿಹಾಸವನ್ನು ದೊಡ್ಡವರು ನಡೆಸುವುದಿಲ್ಲ, ಅವರು ಅದರ ಮೇಲೆ ತೇಲುತ್ತಿರುತ್ತಾರೆ ಅಷ್ಟೇ ಎಂಬ ಮುದುಕನ ವಾದವನ್ನೂ ನಾನು ಹೇಳಿದೆ. ಕಾಲೇಜಿನಲ್ಲಿ ಅದನ್ನು ಪಾಠ ಮಾಡಿದಾಗ ಹಿಂದಿನ ಬೆಂಚಿನವರು ಮಲಗುತ್ತಿದ್ದರು. ಹಾಜಿಯವರು ಮಲಗಲಿಲ್ಲ, ವಾದಿಸಿದರು. ಅಂಗಡಿಯನ್ನು ತಾವು ನಡೆಸುತ್ತಿರುವುದೋ ಅಥವಾ ಅದರ ಮೇಲೆ ತೇಲುತ್ತಿರುವುದೋ ಎಂದು ಕೇಳಿದರು. ಅಂಗಡಿ ಬೇರೆ ಎಂದೆ. ಹೇಗೆ ಬೇರೆ ಎಂದರು. ದುಕ್ಮ್ ಬಂದುಬಿಟ್ಟದ್ದರಿಂದ ನಾನು ಉಳಿದೆ.

ಆ ವರ್ಷ ಹಾಜಿಯವರ ದೊಡ್ಡ ಮಗಳ ಮದುವೆ ನಿಶ್ಚಯವಾಗಿತ್ತು. ಮದುವೆ ಊರಿನಲ್ಲಿ. ಹುಡುಗನ ಮನೆಯವರು ಒಳ್ಳೆಯವರು, ಹಾಲ್ ಸಿಕ್ಕಿದೆ, ಎಲ್ಲವೂ ಸರಿ. ಸರಿಯಿಲ್ಲದ್ದು ಒಂದೇ. ಹಾಜಿಯವರಿಗೆ ಒಬ್ಬನೇ ತಮ್ಮ. ಅವನಿಗೆ ಇಬ್ರಿಯಲ್ಲಿ ಬಟ್ಟೆ ಅಂಗಡಿ, ಸಂಸಾರವೂ ಅಲ್ಲಿಯೇ. ಘಾಲಾದಿಂದ ಇಬ್ರಿಗೆ ಅರ್ಧ ದಿನದ ದಾರಿಯೂ ಅಲ್ಲ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು.

ಮಾತು ಬಿಟ್ಟದ್ದು ಕರೆಯುವ ವಿಷಯಕ್ಕೆ. ನಮ್ಮ ಕಡೆ ಹತ್ತಿರದ ನೆಂಟರನ್ನು ಶುಭಕಾರ್ಯಕ್ಕೆ ಕರೆಯುವುದೆಂದರೆ ಮನೆಗೆ ಹೋಗಿ, ಕೂತು, ಚಾ ಕುಡಿದು, ಬಾಯಲ್ಲಿ ಹೇಳುವುದು. ಕಾರ್ಡು ಅದರ ಮೇಲೆ. ಫೋನಿನಲ್ಲಿ ಹೇಳಿದ್ದು, ಇನ್ನೊಬ್ಬರ ಕೈಯಲ್ಲಿ ಕಾರ್ಡು ಕಳಿಸಿದ್ದು ಕರೆದದ್ದೇ ಅಲ್ಲ. ಗಲ್ಫಿಗೆ ಬಂದು ಇಷ್ಟು ಕಾಲವಾದರೂ ಇದು ಬದಲಾಗಿಲ್ಲ. ಸೊಹಾರ್‌ನಲ್ಲಿರುವವರು ದೇಶದ ಇನ್ನೊಂದು ತುದಿಯ ಸಲಾಲಾದವರೆಗೆ ಗಾಡಿ ಓಡಿಸಿಕೊಂಡು ಹೋಗಿ ಚಾ ಕುಡಿದು ಬರುತ್ತಾರೆ. ಊರಿನಲ್ಲಿ ತಮ್ಮನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಇದ್ದಾಗ ಕಾರ್ಡು ಹಾಜಿಯವರಿಗೆ ಸಿಕ್ಕಿದ್ದು ಟೈರು ಮಾರುವ ಯಾರದೋ ಕೈಯಿಂದ. ಹಾಜಿಯವರು ಹೋಗಲಿಲ್ಲ. ಬರದೇ ಇದ್ದದ್ದಕ್ಕೆ ತಮ್ಮನಿಗೆ ಸಿಟ್ಟು. ಕಥೆ ಇಷ್ಟೇ. ಇಷ್ಟಕ್ಕೆ ಎರಡು ಮನೆಗಳ ಮಕ್ಕಳು ಒಬ್ಬರನ್ನೊಬ್ಬರು ಫೋನಿನ ಚಿತ್ರಗಳಲ್ಲಿ ನೋಡಿ ಬೆಳೆದರು.

ಈಗ ಮಗಳು ಹಟ ಹಿಡಿದಿದ್ದಳು. ಚಿಕ್ಕಪ್ಪ ಬಂದು ನಿಲ್ಲದಿದ್ದರೆ ತನಗೆ ಮದುವೆಯ ಸಂತೋಷವೇ ಇಲ್ಲ ಎಂದು ಅಪ್ಪನಿಗೆ ಹೇಳಿದ್ದಳು. ಹಾಜಿಯವರ ಹೆಂಡತಿ ಬೈದು ನೋಡಿದ್ದರು, ಬೈಯದೆ ಇದ್ದು ನೋಡಿದ್ದರು. ಹಾಜಿಯವರದ್ದು ಒಂದೇ ಮಾತು: ತಪ್ಪು ಮಾಡಿದವನು ಮೊದಲು ಬರಲಿ.

ಒಂದು ಭಾನುವಾರ ಸಿನಾವ್ ದಾಟಿದ ಕೂಡಲೇ ಅವರು ಕೇಳಿದರು. "ಮಾಷ್ಟ್ರೇ, ಆ ಅಣ್ಣ ತಮ್ಮಂದು ಇನ್ನೊಮ್ಮೆ ಹೇಳಿ."

"ಯಾವ ಅಣ್ಣ ತಮ್ಮ?"

"ಅದೇ, ಯುದ್ಧದಲ್ಲಿ ಗಾಯ ಆಗಿ ಡಾಕ್ಟರ ಟೆಂಟಿನಲ್ಲಿ ಅಕ್ಕಪಕ್ಕ ಮಲಗಿದ್ರಲ್ಲ. ಮಾತು ಬಿಟ್ಟವರು. ಒಬ್ಬನ ಕಾಲು ತೆಗಿತಾ ಇದ್ದಾರೆ, ಅವ ಮಗುವಿನ ಹಾಗೆ ಅಳ್ತಾ ಇದ್ದಾನೆ. ಇನ್ನೊಬ್ಬ ಅದನ್ನು ನೋಡಿ ಎಲ್ಲ ಕ್ಷಮಿಸಿ ಕೈ ಹಿಡ್ಕೊಳ್ತಾನೆ."

"ಅವರು ಅಣ್ಣ ತಮ್ಮ ಅಲ್ಲವಲ್ಲ ಹಾಜಿಯವರೇ?"

"ಅಣ್ಣ ತಮ್ಮ ಅಂತ ನೀವೇ ಹೇಳಿದ್ದು."

"ನಾನು ಹಾಗೆ ಹೇಳಿರಲಿಕ್ಕಿಲ್ಲ."

"ಹೇಳಿದ್ದೀರಿ. ಮಾಹೂತ್‌ನ ಪೆಟ್ರೋಲ್ ಪಂಪಿನ ಹತ್ರ."

ನಾನು ಹೇಳಿರಲಿಕ್ಕಿಲ್ಲ ಎಂದಷ್ಟೇ ಅಂದದ್ದು, ಹೇಳಿಲ್ಲ ಎನ್ನಲಿಲ್ಲ. ಯಾಕೆಂದರೆ ಮಾಹೂತ್‌ನ ಹತ್ತಿರ ಅವರ ಆಕಳಿಕೆ ತಡೆಯಲು ನಾನು ಏನೇನು ಹಾರಿಸಿದ್ದೆನೋ ನನಗೇ ಲೆಕ್ಕವಿರಲಿಲ್ಲ. ಇಬ್ಬರು ವೈರಿಗಳು ಎಂದು ನಾನು ಹೇಳಿ, ಅವರು ಅಣ್ಣ ತಮ್ಮ ಎಂದು ಕೇಳಿಸಿಕೊಂಡಿರಬಹುದು. ಅವರ ಮನೆಯ ವಿಷಯ ಗೊತ್ತಿದ್ದ ನಾನೇ ಅರಿವಿಲ್ಲದೆ ಅಣ್ಣ ತಮ್ಮ ಮಾಡಿರಲೂಬಹುದು. ಮುದುಕನ ಕಾದಂಬರಿಯಲ್ಲಿ ಒಬ್ಬ ಎಳೆಯ ಸಿಪಾಯಿ ಬರುತ್ತಾನೆ. ತನ್ನ ಮೊದಲ ಕಾಳಗದಲ್ಲಿ ಹೆದರಿ ಓಡಿದವನು, ಸ್ನೇಹಿತರ ಎದುರು ಅದನ್ನು ಇದ್ದಹಾಗೆ ಹೇಳಲು ಕೂರುತ್ತಾನೆ. ಸುಳ್ಳು ಹೇಳುವ ಉದ್ದೇಶ ಅವನಿಗೆ ಒಂದಿಷ್ಟೂ ಇಲ್ಲ. ಆದರೆ ಕೇಳುವವರ ಮುಖ ನೋಡುತ್ತ ನೋಡುತ್ತ ಅವನು ಖಡ್ಗ ಬೀಸುತ್ತ ಮುನ್ನುಗ್ಗಿದವನಾಗಿಬಿಡುತ್ತಾನೆ. ಈ ಭಾಗ ನನಗೆ ಯಾವತ್ತೂ ಮರೆತಿಲ್ಲ. ಅಂದರೆ, ಮರೆತಿಲ್ಲ ಎಂದು ನನಗೆ ಅನಿಸುತ್ತದೆ.

ಹಾಜಿಯವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು. "ಒಂದು ಮಾತು ಹೇಳ್ತೇನೆ ಮಾಷ್ಟ್ರೇ. ಅಷ್ಟು ದೊಡ್ಡ ಮನುಷ್ಯ ಅದನ್ನು ಪುಸ್ತಕದಲ್ಲಿ ಬರ್ದಿದ್ದಾನೆ ಅಂತಾದ್ರೆ ನಾನು ಇಬ್ರಿಗೆ ಹೋಗ್ತೇನೆ. ತಮ್ಮನನ್ನು ಕರೀತೇನೆ. ನನ್ನ ನಿದ್ದೆ ಬಿಡಿಸ್ಲಿಕ್ಕೆ ನೀವು ಕಟ್ಟಿದ್ದು ಅಂತಾದ್ರೆ, ಬೇಡ. ಮುಂದಿನ ವಾರ ಹೇಳಿ."

ನಾನು ಪಾಠ ಮಾಡಿದ ಕಾಲದಲ್ಲಿ ಯಾವ ವಿದ್ಯಾರ್ಥಿಯೂ ಆಧಾರ ಕೊಡಿ ಎಂದು ನನ್ನನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ.

ಕಾದಂಬರಿಯನ್ನು ನಾನು ಓದಿದ್ದು ಎಂ.ಎ. ಮಾಡುವಾಗ, ಹಾಸ್ಟೆಲಿನಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ನೀಲಿ ರಟ್ಟು, ಒಳಗೆ ಹಳದಿ ಹಾಳೆ. ಕಿಟಕಿಯ ಹತ್ತಿರ ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿ ಎದೆಯ ಮೇಲೆ ಇಟ್ಟುಕೊಂಡು ಓದುತ್ತಿದ್ದೆ, ಪುಸ್ತಕದ ಭಾರಕ್ಕೆ ಉಸಿರು ಕಟ್ಟುತ್ತಿತ್ತು. ಇಷ್ಟು ಸ್ಪಷ್ಟವಾಗಿರುವುದು ಸುಳ್ಳಾಗಲು ಸಾಧ್ಯವೇ? ಖಚಿತ ಮಾಡಿಕೊಳ್ಳಲು ಆಗಿನ ರೂಮಿನ ಗೆಳೆಯನಿಗೆ ವಾಟ್ಸಾಪ್ ಮಾಡಿದೆ. ಅವನು ಈಗ ಧಾರವಾಡದ ಕಡೆ ಪ್ರಿನ್ಸಿಪಾಲ. ಬೇಗ ಉತ್ತರ ಬಂತು. ಪುಸ್ತಕ ಎರಡು ಸಂಪುಟದಲ್ಲಿತ್ತು, ನೀಲಿ ಅಲ್ಲ ಕೆಂಪು, ಮೊದಲನೆಯದು ಮಾತ್ರ ಲೈಬ್ರರಿಯಲ್ಲಿತ್ತು, ಎರಡನೆಯದನ್ನು ಯಾರೋ ಒಯ್ದವರು ವಾಪಸು ಕೊಟ್ಟಿರಲೇ ಇಲ್ಲ. ಮೊದಲನೆಯದನ್ನು ಓದಿದ್ದು ತಾನು, ನಾನು ಅದನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದೆ ಎಂದೂ ಬರೆದಿದ್ದ. ಕೊನೆಯಲ್ಲಿ ನಗುವ ಮುಖಗಳು.

ಅವನ ನೆನಪನ್ನೂ ನಾನು ನಂಬಬೇಕಾಗಿಲ್ಲ. ಆದರೆ ಗಾಯಾಳುಗಳ ಟೆಂಟು ಎರಡನೆಯ ಅರ್ಧದಲ್ಲಿ ಬರುವಂಥದ್ದು. ಆ ಸಂಪುಟ ಲೈಬ್ರರಿಯಲ್ಲಿ ಇರಲಿಲ್ಲ ಎಂದಾದರೆ ನನ್ನ ತಲೆಯೊಳಗೆ ಆ ಟೆಂಟನ್ನು ಹೊಡೆದವರು ಯಾರು? ಟಿವಿಯಲ್ಲಿ ನೋಡಿದ ಸಿನಿಮಾವೇ, ಮೇಷ್ಟರೊಬ್ಬರ ಪಾಠವೇ, ನಾನೇ?

ಅಂದು ರಾತ್ರಿ ಫೋನಿನ ವಿಡಿಯೊದಲ್ಲಿ ಹೆಂಡತಿಗೆ ಇದೆಲ್ಲ ಹೇಳಿದೆ. ಅವಳು ಮೀನು ಹುರಿಯುತ್ತಿದ್ದಳು.

"ಹೌದು, ಪುಸ್ತಕದಲ್ಲಿ ಉಂಟು ಅಂತ ಹೇಳಿ ಬಿಡಿ. ಅಣ್ಣ ತಮ್ಮ ಒಂದಾಗ್ತಾರೆ. ಯಾರಿಗೆ ನಷ್ಟ?"

"ಇಲ್ಲದಿದ್ದರೆ?"

"ಆ ಮುದುಕ ಎದ್ದು ಬಂದು ಕೇಳ್ತಾನಾ?"

"ಹಾಜಿಯವರು ಕೇಳ್ತಾರೆ."

"ನಿಮಗೆ ಲೈಸೆನ್ಸ್ ಯಾಕೆ ಸಿಗುವುದಿಲ್ಲ ಅಂತ ಈಗಲಾದ್ರೂ ಗೊತ್ತಾಯ್ತಾ?" ಎಂದು ಮೀನು ಮಗುಚಿದಳು.

ಪುಸ್ತಕವನ್ನು ಫೋನಿಗೆ ಇಳಿಸಿಕೊಂಡೆ. ವಾರವಿಡೀ ಸೈಟ್ ಆಫೀಸಿನ ಊಟದ ಬಿಡುವಿನಲ್ಲಿ, ನಕ್ಷೆಗಳ ಕಪಾಟಿನ ಹಿಂದೆ ಕೂತು, ಬೆರಳಿನಿಂದ ಹಾಳೆ ಸರಿಸುತ್ತ ಓದಿದೆ. ಟೆಂಟನ್ನು ಹುಡುಕಲು ಹೋದವನು ಮಧ್ಯೆ ತೋಳದ ಬೇಟೆಯಲ್ಲಿ ಸಿಕ್ಕಿಕೊಂಡೆ. ಕುಣಿಯುವ ಹುಡುಗಿ ಹಳ್ಳಿಮನೆಯಲ್ಲಿ ಕುಣಿಯುವ ಕಡೆ ಕೈಯಲ್ಲಿದ್ದ ಚಪಾತಿ ಹಾಗೆಯೇ ಉಳಿಯಿತು. ಮೊದಲ ಸಲ ಓದುತ್ತಿರುವ ಹಾಗೆ ಇತ್ತು, ಬಹುಶಃ ಮೊದಲ ಸಲವೇ. ಆ ಮುದುಕ, ಅಂದರೆ ಆಗಿನ್ನೂ ಮುದುಕನಾಗಿರದ ಆ ಜಮೀನುದಾರ, ತಾನು ಹುಟ್ಟುವ ಮೊದಲೇ ಮುಗಿದಿದ್ದ ಯುದ್ಧವನ್ನು ಬರೆಯಲು ಕೂತವನು. ಹಳೆಯ ಕಾಗದಪತ್ರ ಓದಿದ, ರಣರಂಗವಿದ್ದ ಹೊಲಗಳಲ್ಲಿ ಓಡಾಡಿ ಬಂದ. ಸಾಲದ್ದನ್ನು ತಾನು ಸಿಪಾಯಿಯಾಗಿ ಕಂಡ ಬೇರೊಂದು ಯುದ್ಧದಿಂದ ತಂದು ತುಂಬಿದ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಇದನ್ನು ಒಪ್ಪಬಾರದು. ಆದರೆ ಆ ವಾರ ಒಪ್ಪಿದೆ.

ಬುಧವಾರ ಟೆಂಟು ಸಿಕ್ಕಿತು. ಇತ್ತು. ನನ್ನ ಎದೆ ಹಗುರಾಯಿತು, ಮುಂದೆ ಓದಿದ ಮೇಲೆ ಪುನಃ ಭಾರವಾಯಿತು.

ಭಾನುವಾರ ಬಿದ್‌ಬಿದ್‌ನ ಗುಡ್ಡ ದಾಟುವವರೆಗೆ ಹಾಜಿಯವರು ಕೇಳಲಿಲ್ಲ. ಸಿನಾವ್‌ನಲ್ಲಿ ಚಾ ಕುಡಿಯುವಾಗಲೂ ಇಲ್ಲ. ಗಾಡಿ ಪುನಃ ರಸ್ತೆಗೆ ಬಂದ ಮೇಲೆ, "ಹ್ಞೂಂ, ಹೇಳಿ," ಎಂದರು.

"ಪುಸ್ತಕದಲ್ಲಿ ಇದೆ ಹಾಜಿಯವರೇ. ಟೆಂಟು ಇದೆ, ಕಾಲು ತೆಗೆಯುವುದೂ ಇದೆ. ಆದರೆ ಅವರು ಅಣ್ಣ ತಮ್ಮ ಅಲ್ಲ. ಕಾಲು ಹೋದವನು ನಮ್ಮ ರಾಜಕುಮಾರ ಮದುವೆಯಾಗಬೇಕಿದ್ದ ಹುಡುಗಿಯ ತಲೆ ಕೆಡಿಸಿದವನು."

"ಛೆ. ಅದಿನ್ನೂ ದೊಡ್ಡ ತಪ್ಪಲ್ವಾ?"

"ದೊಡ್ಡದೇ. ಇವನು ಅವನನ್ನು ಕೊಲ್ಲಬೇಕು ಅಂತ ಹುಡುಕುತ್ತಿದ್ದ. ಆ ಟೆಂಟಿನಲ್ಲಿ ನೋಡಿದಾಗ ಸಿಟ್ಟೆಲ್ಲ ಹೋಗಿ ಅಳು ಬರುತ್ತದೆ. ಕ್ಷಮಿಸುತ್ತಾನೆ."

"ಮತ್ತೆ ಕೈ ಹಿಡ್ಕೊಳ್ತಾನೆ."

ಇಲ್ಲಿ ಹೌದು ಎಂದುಬಿಡಬಹುದಿತ್ತು. ಹೆಂಡತಿಯ ಮಾತು ನೆನಪಾಯಿತು. "ಇಲ್ಲ," ಎಂದೆ. "ಕೈ ಹಿಡಿಯುವುದಿಲ್ಲ. ಏನೂ ಹೇಳುವುದಿಲ್ಲ. ಮನಸ್ಸಿನಲ್ಲೇ ಕ್ಷಮಿಸುತ್ತಾನೆ. ಆಮೇಲೆ ಇವನನ್ನು ಬೇರೆ ಕಡೆ ಸಾಗಿಸುತ್ತಾರೆ, ಕೆಲವು ಸಮಯದಲ್ಲಿ ಗಾಯ ಹೆಚ್ಚಾಗಿ ಸಾಯುತ್ತಾನೆ."

"ಆ ಕಾಲು ಹೋದವನಿಗೆ?"

"ಅವನಿಗೆ ಗೊತ್ತೇ ಆಗುವುದಿಲ್ಲ."

ನಾನು ಮುಂದಿನ ಕಥೆ ಶುರು ಮಾಡಲು ಹೋದರೆ ಹಾಜಿಯವರು ಕೈ ಎತ್ತಿ ತಡೆದರು. ನಾನು ಈ ರಸ್ತೆಯಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಹಾಜಿಯವರ ರೆಪ್ಪೆ ಭಾರವಾಗಲಿಲ್ಲ. ಎಲ್ಲ ಹಾಳು ಮಾಡಿದೆ ಎಂದುಕೊಂಡೆ. ಆ ಹುಡುಗಿಯ ಮದುವೆಗೆ ಚಿಕ್ಕಪ್ಪ ಬರದಿದ್ದರೆ ಅದರಲ್ಲಿ ನನ್ನ ಪಾಲು ಎಷ್ಟು, ಮುದುಕನ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತ ಕೂತೆ. ಮಾಹೂತ್ ಬಂತು, ಹೋಯಿತು.

ಕೊನೆಗೆ ಅವರು ಬಾಯಿ ಬಿಟ್ಟರು. "ಎಂತ ಬೇಕೂಫ ಮಾರಾಯ್ರೇ ಆ ರಾಜಕುಮಾರ. ಕ್ಷಮಿಸಿ ಹೇಳದೆ ಸತ್ತ. ಅವ ಕ್ಷಮಿಸಿದ್ದು ಆ ಇನ್ನೊಬ್ಬನಿಗೆ ಎಂತ ಪ್ರಯೋಜನಕ್ಕೆ ಬಂತು?"

"ಅವನ ಮನಸ್ಸಿಗೆ..."

"ಅವನ ಮನಸ್ಸು ಅವನ ಜೊತೆ ಮಣ್ಣಿಗೆ ಹೋಯ್ತು. ಪಕ್ಕದ ಮಂಚ ಮಾಷ್ಟ್ರೇ. ಕೈ ಚಾಚಿದ್ರೆ ಸಿಗ್ತಿತ್ತು." ಸ್ವಲ್ಪ ದೂರ ಹೋದ ಮೇಲೆ ಪುನಃ, "ಆ ಮುದುಕನೂ ಹಾಗೆಯೇ ಅಲ್ವಾ? ಹೆಂಡತಿಗೆ ಕಾಗದ ಬರ್ದಿಟ್ಟು ಮನೆ ಬಿಟ್ಟು ಹೋಗಿ ರೈಲ್ವೇ ಸ್ಟೇಷನ್ನಲ್ಲಿ ಸತ್ತ ಅಂತ ನೀವು ಹೇಳಿದ್ದು. ಆ ಹೆಂಗಸು ಇವನ ದಪ್ಪ ಪುಸ್ತಕವನ್ನು ಎಷ್ಟೋ ಸಲ ಕೈಯಲ್ಲಿ ನಕಲು ಮಾಡಿ ಕೊಟ್ಟವಳು. ಅವಳ ಮುಖ ನೋಡಿ ಹೇಳಿ ಹೋಗ್ಲಿಕ್ಕೆ ಅವನಿಗೆ ಆಗ್ಲಿಲ್ಲ. ಬರೆಯುವವರದ್ದೆಲ್ಲ ಹಾಗೆ. ಬರೀತಾರೆ, ಹೇಳುವುದಿಲ್ಲ."

ನಾನು ವಾದಿಸಬೇಕೆಂದುಕೊಂಡೆ. ಆ ಮನೆಯಲ್ಲಿ ಆಗ ಏನು ನಡೆಯಿತೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ, ಗಂಡನ ಕಡೆಯವರು ಒಂದು ಬರೆದಿದ್ದಾರೆ, ಹೆಂಡತಿಯ ಕಡೆಯವರು ಇನ್ನೊಂದು. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಶುಕ್ರವಾರ ಇಬ್ರಿಗೆ ಹೋಗ್ಲಿಕ್ಕುಂಟು. ನೀವು ಬನ್ನಿ. ಒಬ್ಬನೇ ಹೋದ್ರೆ ನಾನು ನಿಜ್ವಾದಲ್ಲಿ ತಿರುಗಿಸಿ ವಾಪಸ್ ಬಂದೇನು."

ಶುಕ್ರವಾರ, ಅರ್ಧ ದಾರಿಯ ನಿಜ್ವಾದಲ್ಲಿ ಅವರು ನಿಧಾನ ಮಾಡಿದ್ದು ಹೌದು. ಪೆಟ್ರೋಲ್ ಬೇಕಿಲ್ಲದಿದ್ದರೂ ಹಾಕಿಸಿದರು. ಟೈರಿನ ಗಾಳಿ ನೋಡಿಸಿದರು. ನಾನು ಕಥೆ ಹೇಳಲೇ ಎಂದರೆ ಬೇಡ ಎಂದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಕಳಿಸಿದ ಸಿಹಿತಿಂಡಿಯ ದೊಡ್ಡ ಡಬ್ಬಿ, ಅದರ ಪಕ್ಕ ಮದುವೆ ಕಾರ್ಡಿನ ಕಟ್ಟು. ಇಬ್ರಿಯ ಮಸೀದಿಯಲ್ಲಿ ಜುಮಾ ನಮಾಜು ಮುಗಿಸಿ ಬಂದವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತರು. ಗಾಡಿ ಹೊರಡಲಿಲ್ಲ.

"ಅವ ಒಳಗೆ ಕರೆಯದಿದ್ರೆ?"

"ಕರೀತಾರೆ."

"ನಿಮಗೆ ಹೇಗೆ ಗೊತ್ತು? ಎಲ್ಲದಕ್ಕೂ ಡೌಟು ಮಾಡುವವರು ನೀವು."

ಕೊನೆಗೆ ಅವರೇ ಯಲ್ಲಾ, ಹೋಗುವ ಎಂದು ಗಾಡಿ ಹೊರಡಿಸಿದರು.

ತಮ್ಮನ ಮನೆ ಪೇಟೆಯ ಹಿಂದಿನ ಬೀದಿಯಲ್ಲಿ, ಕೆಳಗಿನ ಅಂತಸ್ತು. ಬಾಗಿಲು ತೆರೆದದ್ದು ತಮ್ಮನೇ. ಹಾಜಿಯವರದ್ದೇ ಮುಖ, ಸ್ವಲ್ಪ ತೆಳು, ಗಡ್ಡ ಇನ್ನೂ ಅರ್ಧ ಕಪ್ಪು. ಇಬ್ಬರೂ ಸಲಾಂ ಹೇಳಿದರು. ಆಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಪ್ಪಿಕೊಂಡರೇ? ನಾನು ಡಬ್ಬಿ ಹಿಡಿದುಕೊಂಡು ಹಿಂದೆ ನಿಂತಿದ್ದೆ, ಹಾಜಿಯವರ ಬೆನ್ನು ಅಡ್ಡವಿತ್ತು. ತಮ್ಮ ಹೇಳಿದ್ದು ಮಾತ್ರ ಕೇಳಿಸಿತು. ಬ್ಯಾರಿ ಭಾಷೆಯಲ್ಲಿ ಅಣ್ಣನಿಗೆ ಕಾಕ ಎನ್ನುತ್ತಾರೆ. "ಕಾಕ, ಅನ್ನ ಇಳಿಸಿ ಆಗಿದೆ," ಎಂದ.

ಊಟಕ್ಕೆ ಕೂರಿಸಿದರು. ದೊಡ್ಡ ತಟ್ಟೆಯಲ್ಲಿ ಅನ್ನ, ಅಂಜಲ್ ಮೀನಿನ ಸಾರು. ಸ್ವಲ್ಪ ಹೊತ್ತು ಮೀನಿನ ಬಗ್ಗೆ ಮಾತಾಡಿದರು. ಇಬ್ರಿಯಲ್ಲಿ ತಾಜಾ ಸಿಗುವುದಿಲ್ಲ, ಮಸ್ಕತ್‌ನಲ್ಲಿ ಸಿಗುತ್ತದೆ. ನನಗಾಗಿ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದರು, ಬಿಸಿಯಾದಾಗ ಬ್ಯಾರಿಗೆ ಹೋಗುತ್ತಿದ್ದರು. ಬಿಸಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಾನು ಒಕ್ಕಲಿಗೆ ಕರೀಲಿಕ್ಕೆ ಘಾಲಾಕ್ಕೆ ಬಂದಿದ್ದೆ," ಎಂದ ತಮ್ಮ. "ನಾನೇ. ನನ್ನ ಗಾಡಿಯಲ್ಲಿ. ನೀವು ಅಂಗಡಿಯಲ್ಲಿ ಇರ್ಲಿಲ್ಲ. ದುಕ್ಮ್‌ಗೆ ಹೋಗಿದ್ದಾರೆ ಅಂದ್ರು. ಕಾದೆ. ಆಮೇಲೆ ಪಕ್ಕದ ಟೈರು ಅಂಗಡಿಯವರ ಕೈಯಲ್ಲಿ ಕೊಟ್ಟು ಬಂದೆ."

"ಆಗ ನಾನು ದುಕ್ಮ್‌ಗೆ ಹೋಗ್ಲಿಕ್ಕೆ ಶುರುವೇ ಮಾಡಿರ್ಲಿಲ್ಲ."

"ಮಾಡಿದ್ರಿ. ಬಿಳಿ ಪಿಕಪ್ಪು."

"ಬಿಳಿ ಪಿಕಪ್ಪು ಆಮೇಲೆ ತಗೊಂಡದ್ದು."

ನನ್ನೊಳಗಿನ ಇತಿಹಾಸದ ಮೇಷ್ಟ್ರು ಎದ್ದು ಕೂತ. ಇದನ್ನು ನಿರ್ಧರಿಸಬಹುದಲ್ಲ ಎಂದುಕೊಂಡೆ. "ಒಂದು ನಿಮಿಷ," ಎಂದೆ. "ಆ ಪಿಕಪ್ಪಿನ ರಿಜಿಸ್ಟ್ರೇಷನ್, ಮುಲ್ಕಿಯಾ ನೋಡಿದರೆ ಯಾವಾಗ ತಗೊಂಡದ್ದು ಅಂತ ಗೊತ್ತಾಗುತ್ತದೆ. ಟೈರು ಅಂಗಡಿಯವರನ್ನು ಒಂದು ಮಾತು ಕೇಳಿದರೆ..."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಹೊತ್ತಿಗೆ ಎರಡು ಮುಖವೂ ಒಂದೇ ಅಚ್ಚು.

"ಮಾಷ್ಟ್ರೇ, ನೀವು ಊಟ ಮಾಡಿ," ಎಂದರು ಹಾಜಿಯವರು.

"ಇನ್ನೊಂದು ತುಂಡು ಮೀನು ಹಾಕಿಕೊಳ್ಳಿ," ಎಂದ ತಮ್ಮ.

ನನ್ನ ಬಾಯಿ ಮುಚ್ಚಿಸಿದ್ದರಲ್ಲಿ ಇಬ್ಬರಿಗೂ ಏನೋ ಸಮಾಧಾನವಾದ ಹಾಗೆ ಕಂಡಿತು. ವಾದ ಅಲ್ಲಿಗೇ ನಿಂತಿತು, ತೀರ್ಮಾನವಾಗಲಿಲ್ಲ. ಇವತ್ತಿಗೂ ಆಗಿಲ್ಲ. ತಮ್ಮ ಬಂದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿರಲಾರದು. ಇಬ್ಬರೂ ತಮಗೆ ನೆನಪಿರುವುದನ್ನು ಇದ್ದಹಾಗೆ ಹೇಳುತ್ತಿದ್ದರು ಎಂದು ಮಾತ್ರ ಆಣೆ ಇಟ್ಟು ಹೇಳಬಲ್ಲೆ.

ಕೈ ತೊಳೆದು ಚಾ ಬಂದ ಮೇಲೆ ಹಾಜಿಯವರು ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದನ್ನು ಹೇಳಿದರು. ಮಗಳ ಮದುವೆ, ಮನೆಯವರೆಲ್ಲ ಬರಬೇಕು, ಎರಡು ದಿನ ಮೊದಲೇ ಬರಬೇಕು.

ತಮ್ಮ ಕಾರ್ಡು ಮುಟ್ಟಲಿಲ್ಲ. ಹಾಜಿಯವರ ಕೈ ಚಾಚಿದ ಹಾಗೆಯೇ ಇತ್ತು. ನಾನು ಚಾದ ಲೋಟವನ್ನು ಕೆಳಗಿಟ್ಟೆ.

"ಇದನ್ನು ನನಗೆ ಯಾಕೆ ಕೊಡ್ತೀರಿ?" ಎಂದ ತಮ್ಮ. "ಮದುಮಗಳ ಚಿಕ್ಕಪ್ಪನಿಗೆ ಕಾರ್ಡ್ ಕೊಡ್ತಾರಾ? ನಾನೇನು ನೆಂಟನಾ? ನೀವು ಕರೆದದ್ದು ಆಯ್ತು, ನಾನು ಬಂದದ್ದು ಆಯ್ತು. ಇನ್ನು ಇಬ್ರಿಯವರನ್ನು ಕರೆಯುವುದು ಯಾರು? ಬುರೈಮಿಯಲ್ಲಿ ನಮ್ಮ ಊರಿನವರು ಇಲ್ವಾ? ಕಟ್ಟು ಎಲ್ಲಿ ಉಂಟು?"

ಹಾಜಿಯವರು ಮೂಗು ಎಳೆದುಕೊಂಡರು. ನಾನು ಗಾಡಿಗೆ ಓಡಿ ಕಟ್ಟು ತಂದೆ. ತಮ್ಮ ಅದನ್ನು ಬಿಚ್ಚಿ ಒಂದು ಪಾಲು ಕಂಕುಳಲ್ಲಿ ಇಟ್ಟುಕೊಂಡ. ಈಗಲೇ ಹೋಗಬೇಕು, ಶುಕ್ರವಾರವಾದ್ದರಿಂದ ಎಲ್ಲರೂ ಮನೆಯಲ್ಲಿ ಸಿಗುತ್ತಾರೆ ಎಂದ. ಮೊದಲು ಯಾರ ಮನೆಗೆ ಎಂಬುದಕ್ಕೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಲೇ ಪುನಃ ಜಗಳ ಶುರುವಾಯಿತು. ವಯಸ್ಸಾದವರ ಮನೆಗೆ ಮೊದಲು ಎಂದು ಅಣ್ಣ, ಹತ್ತಿರದ ಮನೆ ಬಿಟ್ಟು ಮುಂದೆ ಹೋದರೆ ಅವರು ಕಿಟಕಿಯಿಂದ ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ತಮ್ಮ. ತಮ್ಮನದ್ದು ನಡೆಯಿತು.

ಎದುರಿನ ಕಟ್ಟಡದಲ್ಲಿ ಕಾಸರಗೋಡಿನ ಕಡೆಯ ಒಂದು ಸಂಸಾರ. ಬೆಲ್ಲು ಒತ್ತಿ ಇಬ್ಬರೂ ಬಾಗಿಲ ಮುಂದೆ ನಿಂತರು. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಬಾಗಿಲು ತೆರೆಯಿತು. ಮಾತು ಯಾರು ಶುರು ಮಾಡಬೇಕೆಂದು ಮೊದಲೇ ನಿಶ್ಚಯವಾಗಿರಲಿಲ್ಲ ಎಂದು ಕಾಣುತ್ತದೆ. ನಮ್ಮ ಮಗಳ ಮದುವೆ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.